ಎರಡು ಹೊಳೆಗಳ ನಡುವಿನ ನಾಡು, ಕ್ಯಾಂಪಿನ ಊರುಗಳು

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ದೇವದುರ್ಗ ಕೃಷ್ಣಾ ಕಡೆ, ಮಾನ್ವಿ ತುಂಗಭದ್ರಾ ಕಡೆ. ಈ ನಡುಗಡ್ಡೆಯಂಥ ನೆಲಕ್ಕಾಗಿ ವಿಜಯನಗರ ಮತ್ತು ಬಹಮನಿ ಅರಸರು ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಸೈನ್ಯವನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ.

1956ರಲ್ಲಿ ಭಾಷೆ ನೋಡಿ ಗಡಿ ಹಾಕಿದರು. ಆಗಿನ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ನಾವು ಮೈಸೂರು ರಾಜ್ಯ ಸೇರಿದೆವು.

ಆದರೆ ಜನ ಗಡಿ ನೋಡಿ ಬರುವುದಿಲ್ಲ, ನೀರು ನೋಡಿ ಬರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಜೋಳದ ಎರೆಭೂಮಿ ಕೊಂಡರು, ಮಟ್ಟ ಮಾಡಿದರು, ಭತ್ತ ನಾಟಿದರು. ಹೊಲದ ಬದಿಗೆ ಹಾಕಿದ ಗುಡಿಸಲುಗಳೇ ಊರಾದವು. ಸಿಂಧನೂರು, ಮಾನ್ವಿ ಕಡೆ ಇಂದಿಗೂ ಅವುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಇದೆ.

ಅವರ ದುಡಿಮೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಗ್ಗಕ್ಕೆ ಹೊಲ ಮಾರಿದವರ ಕಥೆಯನ್ನೂ ಬರೆದಿಡಬೇಕು. ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಮಾನ್ವಿ, ರಾಯಚೂರಿನ ಕೊನೆಭಾಗಕ್ಕೆ ನೀರು ಕಡಿಮೆ. ಹಿಂದೆ ಜಗಳ ಕೋಟೆಗಿತ್ತು, ಈಗ ತೂಬಿಗೆ. ನಿಮ್ಮೂರಿನ ಹಿರಿಯರನ್ನು ಕೇಳಿ: ಕಾಲುವೆ ಬಂದಾಗ ಯಾರ ಹೊಲ ಯಾರ ಕೈಗೆ ಹೋಯಿತು? ಅದೂ ನಮ್ಮ ಚರಿತ್ರೆಯೇ.