ತಗಡಿನಲ್ಲಿ ಬೆಳೆದ ಮರ: ಚೋಳಮಂಡಲದ ಲೋಹಕಲೆ ಮತ್ತು ಒಡವೆಯ ಪರಂಪರೆ

ಇಂದಿನ ಕರಕುಶಲ ಮತ್ತು ಒಡವೆ ವಿನ್ಯಾಸದಲ್ಲಿ ಎಲೆ, ಬಳ್ಳಿ, ಹಕ್ಕಿ ಕಂಡರೆ ‘ಪ್ರಕೃತಿಯಿಂದ ಪಡೆದ ಪ್ರೇರಣೆ’ ಎಂದು ಹೇಳಿ ಮುಗಿಸುವುದು ರೂಢಿ. ಚೆನ್ನೈನ ಚೋಳಮಂಡಲ ಕಲಾವಿದರ ಗ್ರಾಮದ ಲೋಹಕೃತಿಗಳಿಗೆ, ಅದರಲ್ಲೂ ಮೈಸೂರಿನಲ್ಲಿ 1941ರಲ್ಲಿ ಹುಟ್ಟಿ ಮದ್ರಾಸಿನಲ್ಲಿ ಕಲಿತ ಎಸ್.ಜಿ. ವಾಸುದೇವ್ ಅವರ ತಾಮ್ರದ ಉಬ್ಬುಚಿತ್ರಗಳಿಗೆ, ಈ ವಿವರಣೆ ಸಾಲದು. ಇಲ್ಲಿನ ಎಲೆ ತೋಟದಿಂದ ನೇರವಾಗಿ ಬಂದದ್ದಲ್ಲ. ಅಕ್ಕಸಾಲಿಗರ ಅಚ್ಚು, ದೇವರ ಕವಚ, ತಾಮ್ರದ ಸ್ವಭಾವ ಇವುಗಳನ್ನು ಹಾದು ಬಂದದ್ದು ಎಂಬುದು ಈ ಲೇಖನದ ವಾದ.

1850ರಲ್ಲಿ ಅಲೆಕ್ಸಾಂಡರ್ ಹಂಟರ್ ಆರಂಭಿಸಿದ ಮದ್ರಾಸ್ ಕಲಾಶಾಲೆಗೆ ಕರಕುಶಲ ಹೊಸದಲ್ಲ. ಆದರೆ 1960ರ ದಶಕದಲ್ಲಿ ಅದರ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಅವರನ್ನು ಕಾಡಿದ್ದು ಹೊಟ್ಟೆಪಾಡಿನ ಪ್ರಶ್ನೆ. ಚಿತ್ರ ಕೊಳ್ಳುವವರೇ ವಿರಳವಾದ ಊರಿನಲ್ಲಿ ಕಲಾಶಾಲೆ ಮುಗಿಸಿದವರು ಬದುಕುವುದು ಹೇಗೆ? ಬಾಟಿಕ್ ಬಟ್ಟೆ, ಚರ್ಮದ ಮೇಲಿನ ಚಿತ್ರ, ಲೋಹದ ಕೆಲಸಗಳನ್ನು ಮಾರಿ ಜೀವನ ಸಾಗಿಸುವುದು, ಚಿತ್ರಕಲೆಯನ್ನು ಮಾರುಕಟ್ಟೆಯ ಹಂಗಿನಿಂದ ಬಿಡಿಸುವುದು ಅವರ ಯೋಜನೆ. 1966ರಲ್ಲಿ ಇಂಜಂಬಾಕ್ಕಂನ ಕಡಲ ದಂಡೆಯಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಎದ್ದು ನಿಂತದ್ದು ಹೀಗೆ. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಭಾರತೀಯ ಕರಕುಶಲ ಪರಿಷತ್ತನ್ನು 1964ರಲ್ಲಿ ಸ್ಥಾಪಿಸಿದ್ದರು. ಅದರ ನೆಲೆಯೂ ಮದ್ರಾಸೇ.

ಕರಕುಶಲ ಅನ್ನಕ್ಕೆ, ಕಲೆ ಆತ್ಮಕ್ಕೆ ಎಂಬ ಈ ವಿಂಗಡಣೆ ಲೋಹದ ವಿಷಯದಲ್ಲಿ ನಿಲ್ಲಲಿಲ್ಲ. ತಗಡಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ತಾಮ್ರದ ತಗಡನ್ನು ಅರಗಿನ ಹಾಸಿನ ಮೇಲೆ ಬೋರಲಾಗಿಟ್ಟು ಹಿಂಬದಿಯಿಂದ ತಟ್ಟಿ ಉಬ್ಬಿಸುತ್ತಾರೆ. ಮತ್ತೆ ತಿರುಗಿಸಿ ಮುಂಬದಿಯಿಂದ ಚಾಣದಲ್ಲಿ ಗೆರೆ ತಿದ್ದುತ್ತಾರೆ. ಪೆಟ್ಟು ಬಿದ್ದಷ್ಟೂ ತಾಮ್ರ ಗಡುಸಾಗುತ್ತದೆ. ಕೆಂಪಗೆ ಕಾಯಿಸಿ ತಣಿಸದೆ ಇನ್ನೂ ಬಡಿದರೆ ಬಿರುಕು ಬಿಡುತ್ತದೆ. ಆದ್ದರಿಂದ ಆಳವಾದ ಒಂದು ಉಬ್ಬಿಗಿಂತ ಒತ್ತೊತ್ತಾದ ಸಣ್ಣ ಉಬ್ಬುಗಳು ಈ ಲೋಹಕ್ಕೆ ಸಹಜ. ಎಲೆ, ಗರಿ, ಹುರುಪೆ, ಕಾಯಿ ಎಲ್ಲವೂ ಅಂಥ ಸಣ್ಣ ಉಬ್ಬುಗಳೇ. ವಾಸುದೇವ್ ಅವರ ‘ವೃಕ್ಷ’ದಲ್ಲಿ ಎಲೆಗಳ ನಡುವೆ ಹಕ್ಕಿ, ಮನುಷ್ಯರ ಆಕಾರಗಳು ಬೆರೆತು ಯಾವುದು ಎಲ್ಲಿ ಮುಗಿಯಿತು ಎಂದು ಹೇಳಲಾಗದಂತೆ ಹೆಣೆದುಕೊಂಡಿರುವುದರಲ್ಲಿ ಕಲ್ಪನೆಯ ಪಾಲಿನಷ್ಟೇ ತಗಡಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಅಕ್ಕಸಾಲಿಗರಿಗೆ ಇದು ಮೊದಲೇ ಗೊತ್ತಿತ್ತು. ಮಾವಿನಕಾಯಿ ಸರದ ಕಾಯಿಯನ್ನು ಯಾರೂ ಮರ ನೋಡಿ ಮಾಡುವುದಿಲ್ಲ. ಅಚ್ಚಿನಲ್ಲಿ ಒತ್ತಿ, ಅಂಚು ಬೆಸೆದು, ಒಂದೇ ಆಕಾರವನ್ನು ಮತ್ತೆ ಮತ್ತೆ ಪೋಣಿಸುತ್ತಾರೆ. ಕೊಡಗಿನ ಜೋಮಾಲೆಯಲ್ಲಿ ತೆಳು ಚಿನ್ನದ ಮಣಿಯೊಳಗೆ ಅರಗು ತುಂಬಿರುತ್ತದೆ. ಜಡೆನಾಗರ, ಕೇದಗೆ, ಏಲಕ್ಕಿ ಸರ ಇವು ಕಂಡದ್ದರ ನಕಲಲ್ಲ. ಹಲವು ತಲೆಮಾರುಗಳ ಕೈಯಲ್ಲಿ ಸವೆದು ನಿಂತ ಆಕಾರಗಳು.

ಇನ್ನೊಂದು ದಾರಿ ಗುಡಿಯದು. ಮೂಲವಿಗ್ರಹಕ್ಕೆ ತೊಡಿಸುವ ಕವಚ ಎದುರಿನಿಂದ ನೋಡಲೆಂದೇ ಇರುವ ತಗಡು, ಅದಕ್ಕೆ ಬೆನ್ನಿಲ್ಲ. ಪಿ.ವಿ. ಜಾನಕಿರಾಮ್ (1930–1995) ಇದನ್ನು ಆಧುನಿಕ ಶಿಲ್ಪಕ್ಕೆ ತಂದರು: ತಗಡಿನ ಮೈ, ಅದರ ಮೇಲೆ ಬೆಸೆದ ತಂತಿಯೇ ಗೆರೆ. ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ (1946–2017) ತಾಮ್ರ, ಹಿತ್ತಾಳೆಗಳನ್ನು ಬೆಸೆದು, ಎನಾಮೆಲ್ ಬಣ್ಣ ಕೂಡಿಸಿ ಇದೇ ಎದುರುನೋಟವನ್ನು ಮುಂದುವರಿಸಿದರು. ಅವರ ಶಿಲ್ಪಗಳನ್ನು ದೊಡ್ಡದಾಗಿ ಬೆಳೆದ ಒಡವೆಗಳೆಂದು ಓದುವುದರಲ್ಲಿ ತಪ್ಪಿಲ್ಲ. ನನ್ನ ದೃಷ್ಟಿಯಲ್ಲಿ ಅದು ಹೊಗಳಿಕೆಯೇ. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಕೂಡ ಹಿತ್ತಾಳೆ, ಬೆಳ್ಳಿಯ ತಂತಿ ಬಡಿದು ಒಡವೆ ಮಾಡಿದವರು. ಆದರೆ ಕೊರಳಿನ ಸರದಿಂದ ಗರ್ಭಗುಡಿಯವರೆಗೆ ಒಂದೇ ಕೌಶಲ ಹಬ್ಬಿದ್ದ ಹಿನ್ನೆಲೆ ಮದ್ರಾಸಿನವರಿಗೆ ಮನೆಯ ಬಾಗಿಲಲ್ಲೇ ಇತ್ತು.

ಈಗ ಕಂಪ್ಯೂಟರಿನಲ್ಲಿ ಬಿಡಿಸಿ ಎರಕ ಹೊಯ್ದ ಎಲೆಗೆ ತಗಡಿನ ಕಟ್ಟುಪಾಡು ಯಾವುದೂ ಇಲ್ಲ. ಅದು ನಿಜವಾದ ಎಲೆಯನ್ನು ನರನರವಾಗಿ ಹೋಲಬಲ್ಲದು. ಒಂದು ಎಲೆ ಮತ್ತೊಂದರ ಜೊತೆ ಮಾತಾಡುವುದಿಲ್ಲ, ಅಷ್ಟೇ. ಈ ವ್ಯತ್ಯಾಸವನ್ನು ಅಭ್ಯಾಸ ಮಾಡಬೇಕಾದರೆ ಕೃತಿಗಳ ಮುಂಭಾಗದ ಛಾಯಾಚಿತ್ರ ಸಾಕಾಗದು. ‘ತಾಮ್ರ’ ಎಂಬ ಒಂದೇ ಪದದ ವಿವರಣೆಯೂ ಸಾಲದು. ತಗಡಿನ ದಪ್ಪ, ಕಾಯಿಸಿದ ಗುರುತು, ಬೆಸುಗೆಯ ಬಗೆ, ಮುಖ್ಯವಾಗಿ ಹಿಂಬದಿಯ ಪೆಟ್ಟಿನ ಸಾಲುಗಳನ್ನು ದಾಖಲಿಸುವ ಕೆಲಸ ಚೋಳಮಂಡಲದ ಸಂಗ್ರಹದಿಂದಲೇ ಶುರುವಾಗಲಿ; ಆ ಪೆಟ್ಟುಗಳನ್ನು ಓದಬಲ್ಲ ಅಕ್ಕಸಾಲಿಗರನ್ನೂ ಪಕ್ಕದಲ್ಲಿ ಕೂರಿಸಿಕೊಂಡು.