ಹೈಡ್ರೇಂಜಿಯ

ಗ್ರೀಕಿನಲ್ಲಿ ‘ಹ್ಯುದೋರ್’ ಎಂದರೆ ನೀರು, ‘ಅಂಗೇಯೋನ್’ ಎಂದರೆ ಪಾತ್ರೆ. ನೀರು ಹೆಚ್ಚು ಬೇಡುವ ಗಿಡವಾದ್ದರಿಂದ ಈ ಹೆಸರೆಂದು ಅನ್ನಿಸಬಹುದು. ನಿಜವಾದ ಕಾರಣ ಅದರ ಬೀಜಕೋಶ: ನೋಡಲು ಥೇಟ್ ಪುಟ್ಟ ಹೂಜಿ! ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹೆಸರನ್ನೇ ಬಳಸಿದ.

ನಮ್ಮ ಕುಂಡಗಳಲ್ಲಿ ಅರಳುವ ದೊಡ್ಡೆಲೆಯ ಜಾತಿಯ ತವರು ಜಪಾನ್. ಅಲ್ಲಿ ಅದು ‘ಅಜಿಸಾಯಿ’, ಜೂನ್ ಮಳೆಯ ಹೂವು. ಕೊಡಗಿನ ಮನೆಯಂಗಳಕ್ಕೂ ಇದು ಒಗ್ಗಿದೆ.

ನನಗೆ ಬಲು ಇಷ್ಟವಾದದ್ದು ಬಣ್ಣದ ಗುಟ್ಟು. ಆಮ್ಲೀಯ ಮಣ್ಣಿನಲ್ಲಿ ಬೇರುಗಳು ಅಲ್ಯುಮಿನಿಯಂ ಹೀರಿಕೊಳ್ಳುತ್ತವೆ, ಹೂಚೆಂಡು ನೀಲಿಯಾಗುತ್ತದೆ. ಸುಣ್ಣ ಬೆರೆಸಿದರೆ ಅದೇ ಗಿಡ ನಿಧಾನವಾಗಿ, ಮುಂದಿನ ಋತುವಿನ ಹೊತ್ತಿಗೆ, ಗುಲಾಬಿಗೆ ತಿರುಗುತ್ತದೆ. ನಡುವೆ ಒಂದೇ ಗಿಡದಲ್ಲಿ ನೇರಳೆಯೂ ಇಣುಕಬಹುದು. ಬಿಳಿ ತಳಿಗಳು ಮಾತ್ರ ಮಣ್ಣಿನ ಮಾತು ಕೇಳುವುದಿಲ್ಲ. ಅಂದಹಾಗೆ, ನಾವು ಎಸಳೆಂದು ಮೆಚ್ಚುವುದು ಎಸಳಲ್ಲ, ಪುಷ್ಪಪತ್ರ.