ಟ್ರಾಫಲ್ಗರ್ ಚೌಕದ ಮರಕ್ಕೂ ರೇಡಿಯೋಗೂ ಏನು ನಂಟು?



ಹೊಸ ವರ್ಷದ ಮೊದಲ ವಾರ ಕಳೆಯುತ್ತಿದ್ದಂತೆ ಮುಂಬಯಿಯ ಬಾಂದ್ರಾದಲ್ಲಿ ಮನೆಮನೆಗೆ ತೂಗಿದ್ದ ನಕ್ಷತ್ರದ ಗೂಡುದೀಪಗಳು ಒಂದೊಂದಾಗಿ ಕೆಳಗಿಳಿಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಕ್ರಿಸ್‌ಮಸ್ ಸಂಪ್ರದಾಯದ ಪ್ರಕಾರ 12 ದಿನಗಳ ಹಬ್ಬ. ಜನವರಿ 5 ಅಥವಾ 6ರ ನಂತರವೂ ಅಲಂಕಾರ ಉಳಿಸಿಕೊಂಡರೆ ಅಪಶಕುನವೆಂದು ಇಂಗ್ಲೆಂಡಿನಲ್ಲಿ ನಂಬುವವರು ಇಂದಿಗೂ ಇದ್ದಾರೆ. ನಮ್ಮ ಮಾವಿನ ತೋರಣವಾದರೋ ಒಣಗಿ ಉದುರುವವರೆಗೂ ಬಾಗಿಲಲ್ಲೇ ಇರುತ್ತದೆ, ಬಿಡಿ!

ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ಇದೇ ಹೊತ್ತಿಗೆ ಒಂದು ದೊಡ್ಡ ಮರದ ದೀಪಗಳು ಆರುತ್ತವೆ. ಅದರ ಕಥೆಯನ್ನು ರೇಡಿಯೋ ಕೇಳುವ ನಿಮಗೆ ಹೇಳಲೇಬೇಕು.

1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿತು. ಕ್ವಿಸ್ಲಿಂಗ್ ಎಂಬ ನಾಜಿ ಪಕ್ಷಪಾತಿಯನ್ನು ಪ್ರಧಾನಿಯಾಗಿ ಒಪ್ಪಿಕೊಳ್ಳಬೇಕೆಂದು ದೊರೆ ಏಳನೆಯ ಹಾಕೊನ್ ಮೇಲೆ ಒತ್ತಡ ಬಂತು. ದೊರೆ ಒಪ್ಪಲಿಲ್ಲ. ಎರಡು ತಿಂಗಳು ಉತ್ತರಕ್ಕೆ ಸರಿಯುತ್ತಾ ಹೋಗಿ, ಜೂನ್ 7ರಂದು ಟ್ರಾಮ್ಸೋ ಬಂದರಿನಿಂದ ಹಡಗೇರಿ ಬ್ರಿಟನ್ನಿಗೆ ಹೊರಟರು. ಲಂಡನ್ನಿನಿಂದ ಬಿಬಿಸಿಯ ಮೂಲಕ ಅವರ ದನಿ ತಾಯ್ನಾಡಿಗೆ ಕೇಳತೊಡಗಿತು. ದಾಳಿಕಾರರಿಗೆ ಇದು ಸಹಿಸಲಿಲ್ಲ. 1941ರಲ್ಲಿ ಜನರ ರೇಡಿಯೋ ಸೆಟ್ಟುಗಳನ್ನೇ ಮುಟ್ಟುಗೋಲು ಹಾಕಿಕೊಂಡರು. ಆದರೂ ಅಟ್ಟದ ಮೇಲೆ, ನೆಲಮಾಳಿಗೆಯಲ್ಲಿ ಸೆಟ್ಟು ಬಚ್ಚಿಟ್ಟು ಕೇಳಿದವರಿದ್ದರು. ಕೇಳಿದ್ದನ್ನು ಬರೆದುಕೊಂಡು, ಗುಟ್ಟಾಗಿ ಅಚ್ಚುಹಾಕಿ ಹಂಚಿದರು. ಸಿಕ್ಕಿಬಿದ್ದರೆ ಸೆರೆಮನೆ, ಪ್ರಾಣಕ್ಕೂ ಸಂಚಕಾರ. ಸುದ್ದಿ ಕೇಳಲು ಇಷ್ಟು ಬೆಲೆ ತೆತ್ತವರನ್ನು ನೆನೆದರೆ, ಗುಂಡಿ ಒತ್ತಿ ನಿಲ್ದಾಣ ಬದಲಿಸುವ ನಮಗೆ ತುಸು ಸಂಕೋಚವಾಗಬೇಕು.

ಆ ದನಿ ಹೊರಟ ಲಂಡನ್ನಾದರೂ ಬೆಳಗುತ್ತಿತ್ತೇ? ಇಲ್ಲ. ಬಾಂಬಿನ ಭಯಕ್ಕೆ 1939ರ ಸೆಪ್ಟೆಂಬರಿನಿಂದಲೇ ಅಲ್ಲಿ ಬೀದಿದೀಪಗಳು ಆರಿದ್ದವು, ಕಿಟಕಿಗಳಿಗೆ ಕಪ್ಪು ಪರದೆ ಬಿದ್ದಿತ್ತು.

1945ರ ಜೂನ್ 7ರಂದು, ನಾಡು ಬಿಟ್ಟು ಸರಿಯಾಗಿ ಐದು ವರ್ಷಕ್ಕೆ, ಹಾಕೊನ್ ಓಸ್ಲೋಗೆ ಮರಳಿದರು. ಆ ಕಷ್ಟಕಾಲದ ನೆರವಿಗೆ ಕೃತಜ್ಞತೆಯಾಗಿ 1947ರಿಂದ ಪ್ರತಿವರ್ಷ ಓಸ್ಲೋ ನಗರ ಲಂಡನ್ನಿನ ಜನತೆಗೆ ಒಂದು ಸ್ಪ್ರೂಸ್ ಮರ ಕಳುಹಿಸುತ್ತಿದೆ. ಎತ್ತರ 20 ಮೀಟರಿಗೂ ಹೆಚ್ಚು. ಅದರ ಮೇಲೆ ಬಣ್ಣಬಣ್ಣದ ಆರ್ಭಟವಿಲ್ಲ. ನಾರ್ವೆಯ ರೂಢಿಯಂತೆ ಬಿಳಿ ದೀಪದ ಸರಗಳನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿಬಿಡುತ್ತಾರೆ, ಅಷ್ಟೇ. ನೋಡಲು ಬಡಕಲು ಎಂದು ಲಂಡನ್ನಿನವರೇ ನಗುವುದುಂಟು. 2021ರಲ್ಲಂತೂ, ಅರ್ಧ ಮರ ಎಲ್ಲಿ ಹೋಯಿತೆಂದು ಗೇಲಿ ಮಾಡಿದರು.

ಹತ್ತಿರದಲ್ಲೇ ಇರುವ ಅಂಗಡಿ ಬೀದಿಗಳ ಝಗಮಗ ಬೇರೆಯದೇ ಲೆಕ್ಕ. ರೀಜೆಂಟ್ ಬೀದಿಯಲ್ಲಿ 1954ರಿಂದ, ಆಕ್ಸ್‌ಫರ್ಡ್ ಬೀದಿಯಲ್ಲಿ 1959ರಿಂದ ಬಂದ ಆ ದೀಪಗಳ ಹಿಂದೆ ವ್ಯಾಪಾರವಿದೆ. ತಪ್ಪೇನಿಲ್ಲ. ಆದರೆ ಆರ್ಥಿಕ ಮುಗ್ಗಟ್ಟು ಬಂದಾಗ, 1976 ಮತ್ತು 1977ರಲ್ಲಿ ಆಕ್ಸ್‌ಫರ್ಡ್ ಬೀದಿಗೆ ದೀಪಾಲಂಕಾರವೇ ಇರಲಿಲ್ಲ. ಓಸ್ಲೋದ ಮರ ಆ ಎರಡು ವರ್ಷವೂ ಬಂತು.

ಹನ್ನೆರಡನೆಯ ರಾತ್ರಿಗೆ ಮುಂಚೆ ಮರವನ್ನು ಇಳಿಸುತ್ತಾರೆ. ಅದನ್ನು ಚೂರು ಮಾಡಿ ಗೊಬ್ಬರಕ್ಕೆ ಹಾಕುತ್ತಾರೆ. ಓಸ್ಲೋ ಸುತ್ತಿನ ಕಾಡಿನಲ್ಲಿ ಮುಂದಿನ ಮರವನ್ನು ಹುಡುಕುವ ಕೆಲಸವೋ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೊದಲೇ ಶುರುವಾಗಿರುತ್ತದೆ.